ವಾಹನಪಾಲನೆಯ ಧರ್ಮ

ಎತ್ತಿನ ಗಾಡಿಯೇ ಮಲೆನಾಡಿನ ಮನೆಗಳ ವಾಹನವಾಗಿದ್ದ ಕಾಲದಲ್ಲಿ, ಗಾಡಿ ಹೂಡುವ ಮುನ್ನ ಮನೆಯ ಯಜಮಾನನು ತಪ್ಪದೆ ಮಾಡುತ್ತಿದ್ದ ಕೆಲವು ಕೆಲಸಗಳಿದ್ದವು. ಅಚ್ಚಿಗೆ ಕೀಲೆಣ್ಣೆ ಹಾಕುವುದು, ಕಡೆಗೀಲು ಭದ್ರವಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡುವುದು, ಚಕ್ರದ ಪಟ್ಟಿ ಸಡಿಲವಾಗಿದ್ದರೆ ಕಮ್ಮಾರನಲ್ಲಿಗೆ ಒಯ್ಯುವುದು, ಎತ್ತಿನ ಲಾಳ ಸವೆದಿದ್ದರೆ ಅಂದಿನ ಪ್ರಯಾಣವನ್ನೇ ಮುಂದೂಡುವುದು. ಇವನ್ನು ಯಾರೂ ವಿಶೇಷ ಗುಣಗಳೆಂದು ಹೊಗಳುತ್ತಿರಲಿಲ್ಲ. ಗಾಡಿಯ ಒಂದೊಂದು ಅಂಗವೂ ಕಣ್ಣಿಗೆ ಕಾಣುತ್ತಿತ್ತು. ಕಂಡ ದೋಷವನ್ನು ಸರಿಪಡಿಸುವುದು ಗೃಹಸ್ಥನ ದಿನಚರಿಯಲ್ಲಿ ಸೇರಿಹೋಗಿತ್ತು.

ಮೋಟಾರು ಕಾರಿನ ವಿಷಯದಲ್ಲಿ ಈ ಸಹಜತೆ ಉಳಿದಿಲ್ಲ. ಅದರ ಮುಖ್ಯ ಅಂಗಗಳೆಲ್ಲವೂ ಬಾನೆಟ್ಟಿನ ಅಡಿಯಲ್ಲಿ, ಚಕ್ರಗಳ ಒಳಮೈಯಲ್ಲಿ ಅಡಗಿವೆ. ಹೊರಗೆ ಕಾಣುವುದು ಬಣ್ಣ ಮಾತ್ರ. ಆದುದರಿಂದ ಒಡೆಯನ ಗಮನವೂ ಬಣ್ಣದ ಮೇಲೆಯೇ ನಿಲ್ಲುತ್ತದೆ. ಬಾಗಿಲಿಗೆ ಸಣ್ಣ ಗೀರು ಬಿದ್ದರೆ ರಾತ್ರಿ ನಿದ್ರೆ ಬಾರದವನು, ಬ್ರೇಕ್ ಆಯಿಲನ್ನು ಕೊನೆಯ ಬಾರಿ ಯಾವಾಗ ಬದಲಾಯಿಸಲಾಯಿತೆಂಬ ಪ್ರಶ್ನೆಗೆ ಉತ್ತರವಿಲ್ಲದೆ ತಬ್ಬಿಬ್ಬಾಗುತ್ತಾನೆ. ಕಾರಿಗೆ ಪೂಜೆ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತದೆ. ಆಯುಧ ಪೂಜೆಯ ದಿನ ಹೂವಿನ ಹಾರ ಏರುತ್ತದೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡಲಾಗುತ್ತದೆ. ಆದರೆ ಅದೇ ಚಕ್ರದ ಟೈರು ಎಷ್ಟು ಸವೆದಿದೆಯೆಂದು ಬಗ್ಗಿ ನೋಡುವವರು ವಿರಳ.

ಕಾರನ್ನು ಕಾಲಕಾಲಕ್ಕೆ ನೋಡಿಕೊಳ್ಳುವುದು ಹಣ ಉಳಿಸುವ ಜಾಣತನವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಅದು ಸುಳ್ಳಲ್ಲ. ಸಕಾಲದಲ್ಲಿ ಎಣ್ಣೆ ಬದಲಾಯಿಸಿದ ಎಂಜಿನ್ ಬಹುಕಾಲ ಬಾಳುತ್ತದೆ. ಆದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಕಾರು ಒಬ್ಬನ ಸ್ವತ್ತಾದರೂ ಅದು ಓಡುವುದು ಎಲ್ಲರ ರಸ್ತೆಯಲ್ಲಿ. ಭಾರತದ ರಸ್ತೆಗಳಲ್ಲಿ 2022ನೆಯ ಒಂದೇ ವರ್ಷದಲ್ಲಿ 1,68,491 ಮಂದಿ ಅಪಘಾತಗಳಲ್ಲಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರ್ಕಾರದ ವರದಿ ತಿಳಿಸಿದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ. ಆದರೆ ವೇಗವನ್ನು ತಗ್ಗಿಸಬೇಕೆಂದು ಮನಸ್ಸು ಮಾಡಿದವನಿಗೂ ಆ ಕ್ಷಣದಲ್ಲಿ ಬ್ರೇಕು ವಿಧೇಯವಾಗಿರಬೇಕು, ಟೈರು ರಸ್ತೆಯನ್ನು ಹಿಡಿಯಬೇಕು. ಮನಸ್ಸಿನ ಒಳ್ಳೆಯತನ ಕಾಲಿನವರೆಗೆ ಮಾತ್ರ ಬರಬಲ್ಲದು. ಅಲ್ಲಿಂದ ಮುಂದೆ ಯಂತ್ರವೇ ಕೆಲಸ ಮಾಡಬೇಕು.

ಈ ವಿಷಯದಲ್ಲಿ ಶಿವಮೊಗ್ಗೆಯ ನಿವೃತ್ತ ಶಾಲಾ ಅಧ್ಯಾಪಕರೊಬ್ಬರ ನಡೆ ನೆನೆಯತಕ್ಕದ್ದಾಗಿದೆ. ಅವರಲ್ಲಿ ಬಹುಕಾಲ ಒಂದು ಮಾರುತಿ 800 ಕಾರಿತ್ತು. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದು 2014ರಲ್ಲಿ ತಯಾರಿಕೆ ನಿಂತ ಆ ಪುಟ್ಟ ವಾಹನ, ಮಧ್ಯಮ ವರ್ಗದ ಎಷ್ಟೋ ಸಂಸಾರಗಳಿಗೆ ಮೊದಲ ಕಾರಾಗಿತ್ತು. ಮೇಷ್ಟರು ಪ್ರತಿ ಭಾನುವಾರ ಬೆಳಗ್ಗೆ, ಕಾರನ್ನು ಇನ್ನೂ ಹೊರಗೆ ತೆಗೆಯುವ ಮುನ್ನ, ಹತ್ತು ನಿಮಿಷಗಳನ್ನು ಅದಕ್ಕೆ ಮೀಸಲಿಟ್ಟಿದ್ದರು. ಸಮತಟ್ಟಾದ ನೆಲದಲ್ಲಿ, ಎಂಜಿನ್ ತಣ್ಣಗಿರುವಾಗ, ಎಣ್ಣೆಯ ಅಳತೆಕಡ್ಡಿಯನ್ನು ಹೊರಗೆಳೆದು ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗಿಳಿಸಿ ತೆಗೆದು, ಎಣ್ಣೆಯ ಗುರುತು ಎರಡು ಗೆರೆಗಳ ನಡುವೆ ಇದೆಯೇ ಎಂದು ನೋಡುವರು. ಕೂಲೆಂಟಿನ ಮಟ್ಟ, ಬ್ರೇಕ್ ಆಯಿಲಿನ ಮಟ್ಟ, ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಬಿಳಿಯ ಪುಡಿ, ವೈಪರಿನ ರಬ್ಬರು ಇವುಗಳತ್ತ ಕಣ್ಣು ಹಾಯಿಸುವರು. ನೆಲದ ಮೇಲೆ ಎಣ್ಣೆಯ ಹನಿ ಬಿದ್ದಿದೆಯೇ ಎಂದು ಬಗ್ಗಿ ನೋಡುವರು. ಮೊಮ್ಮಗಳನ್ನು ಕಾರಿನ ಹಿಂದೆ ನಿಲ್ಲಿಸಿ, ತಾವು ಬ್ರೇಕ್ ತುಳಿದು, ಕೆಂಪು ದೀಪ ಹೊತ್ತಿತೇ ಎಂದು ಕೇಳುವರು. ಕೊನೆಯಲ್ಲಿ ಎಲ್ಲವನ್ನೂ ಒಂದು ಸಾದಾ ನೋಟ್‌ಬುಕ್ಕಿನಲ್ಲಿ ದಿನಾಂಕದೊಡನೆ ಬರೆದಿಡುವರು.

ಟೈರಿನ ಗಾಳಿಯನ್ನು ಅವರು ತಿಂಗಳಿಗೆರಡು ಬಾರಿ, ಬೆಳಗಿನ ಹೊತ್ತಿನಲ್ಲೇ, ಮನೆಯ ಸಮೀಪದ ಪಂಕ್ಚರ್ ಅಂಗಡಿಯಲ್ಲಿ ನೋಡಿಸುತ್ತಿದ್ದರು. ಓಡಿದ ಟೈರು ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುವುದರಿಂದ ಆಗ ತೋರುವ ಅಳತೆ ಸರಿಯಾದುದಲ್ಲ. ಗಾಳಿ ಕಡಿಮೆಯಾದರೆ ಟೈರಿನ ಅಂಚುಗಳು ಸವೆಯುತ್ತವೆ, ಪಕ್ಕದ ಗೋಡೆ ಮಡಿಚಿ ಮಡಿಚಿ ಕಾಯುತ್ತದೆ, ದೂರದ ಪ್ರಯಾಣದಲ್ಲಿ ಸಿಡಿಯುವ ಸಂಭವವೂ ಉಂಟು. ಗಾಳಿ ಹೆಚ್ಚಾದರೆ ನಡುಭಾಗ ಸವೆದು ರಸ್ತೆಯ ಹಿಡಿತ ತಪ್ಪುತ್ತದೆ. ಎಷ್ಟು ಗಾಳಿ ಬೇಕೆಂಬುದನ್ನು ಕಾರಿನ ಕೈಪಿಡಿಯಲ್ಲೂ, ಹಲವು ಕಾರುಗಳಲ್ಲಿ ಚಾಲಕನ ಬಾಗಿಲಿನ ಕಂಬದ ಮೇಲೂ ನಮೂದಿಸಿರುತ್ತಾರೆ. ಅಂಗಡಿಯ ಹುಡುಗನ ಅಂದಾಜಿಗೆ ಅದನ್ನು ಬಿಡಬೇಕಾದ ಅಗತ್ಯವಿಲ್ಲ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ಗಾಳಿ ಬೇಕೆಂಬುದು ಅನೇಕರಿಗೆ ನೆನಪಾಗುವುದು ನಡುರಾತ್ರಿಯ ನಿರ್ಜನ ರಸ್ತೆಯಲ್ಲಿ.

ಎಂಜಿನ್ ಎಣ್ಣೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕಾರು ಹೆಚ್ಚು ಓಡದಿದ್ದರೆ ಎಣ್ಣೆ ಬದಲಾಯಿಸಬೇಕಾಗಿಲ್ಲವೆಂದು ಹಲವರು ನಂಬುತ್ತಾರೆ. ಎಣ್ಣೆಯು ಉಜ್ಜಾಟವನ್ನು ತಗ್ಗಿಸುವುದಲ್ಲದೆ ಲೋಹದ ಭಾಗಗಳ ಕಾವನ್ನು ಹೊತ್ತೊಯ್ಯುತ್ತದೆ, ಉರಿದ ಇಂಧನದ ಮಸಿಯನ್ನು ತನ್ನಲ್ಲಿ ಹಿಡಿದಿಡುತ್ತದೆ, ತುಕ್ಕನ್ನು ತಡೆಯುತ್ತದೆ. ಸ್ವಲ್ಪ ದೂರ ಮಾತ್ರ ಓಡಿ ನಿಲ್ಲುವ ಕಾರಿನ ಎಂಜಿನ್ ಪೂರ್ತಿ ಕಾಯದಿರುವುದರಿಂದ ತೇವಾಂಶವು ಎಣ್ಣೆಯಲ್ಲೇ ಉಳಿದು ಅದರ ಗುಣವನ್ನು ಕೆಡಿಸುತ್ತದೆ. ಇಷ್ಟು ಕಿಲೋಮೀಟರು ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದು ಕೈಪಿಡಿಗಳು ಹೇಳುವುದು ಈ ಕಾರಣದಿಂದಲೇ.

ಮೇಷ್ಟರ ಈ ಶಿಸ್ತನ್ನು ಮನೆಯವರು ತಮಾಷೆಯಾಗಿಯೇ ಕಾಣುತ್ತಿದ್ದರು. ಅದರ ತೂಕ ತಿಳಿದದ್ದು ಮುಂದೆ. ಹಳೆಯ ಕಾರನ್ನು ಮಾರಿಯಾಗಿತ್ತು. ಮಗನು ಕೊಂಡ ದೊಡ್ಡ ಕಾರು ಅಂಗಳದಲ್ಲಿ ಹೊಳೆಯುತ್ತಿತ್ತು. ಮೊಮ್ಮಗಳ ನಿಶ್ಚಿತಾರ್ಥಕ್ಕಾಗಿ ಕುಟುಂಬವು ಕಾರ್ಕಳಕ್ಕೆ ಹೊರಡಬೇಕಾಗಿತ್ತು. ತೀರ್ಥಹಳ್ಳಿಯ ಮಾರ್ಗವಾಗಿ ಆಗುಂಬೆಯ ಘಟ್ಟವನ್ನಿಳಿದು ಸೋಮೇಶ್ವರ, ಹೆಬ್ರಿಗಳ ಮೇಲೆ ಹೋಗುವ ದಾರಿ. ಹೊರಡುವ ಹಿಂದಿನ ದಿನ ಮೇಷ್ಟರು, ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನವಾಯಿತೆಂದು ಮಗನನ್ನು ಕೇಳಿದರು. ಕಾರು ಕೊಂಡು ನಾಲ್ಕು ವರ್ಷ ಕಳೆದಿದ್ದರೂ ಮಗನಿಗೆ ಅಂತಹದೊಂದು ಕೆಲಸವಿದೆಯೆಂದೇ ತಿಳಿದಿರಲಿಲ್ಲ. ಸಂಜೆ ಗ್ಯಾರೇಜಿಗೆ ಒಯ್ದು ಚಕ್ರ ಬಿಚ್ಚಿಸಿದಾಗ, ಮುಂದಿನ ಒಂದು ಚಕ್ರದ ಬ್ರೇಕ್ ಪ್ಯಾಡು ಹೆಚ್ಚುಕಡಿಮೆ ಲೋಹದ ತಗಡಿನವರೆಗೆ ಸವೆದಿತ್ತು. ಬ್ರೇಕ್ ಆಯಿಲು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ಆ ಕಾರಿನ ಪ್ಯಾಡು ಊರಿನಲ್ಲಿ ಸಿಗುವಂತಿರಲಿಲ್ಲ. ಬೆಂಗಳೂರಿನಿಂದ ತರಿಸಲು ಎರಡು ದಿನ ಬೇಕೆಂದು ಮೆಕ್ಯಾನಿಕ್ ಹೇಳಿದನು.

ಬ್ರೇಕ್ ಆಯಿಲು ವಾತಾವರಣದ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯಬಹುದು. ಡಾಟ್ 4 ದರ್ಜೆಯಲ್ಲಿ ಈ ಅಂಕಿಗಳು 230 ಮತ್ತು 155. ಊರೊಳಗೆ ಓಡಾಡುವಾಗ ಈ ವ್ಯತ್ಯಾಸ ಗಮನಕ್ಕೆ ಬಾರದು. ಆಗುಂಬೆಯ 14 ಹಿಮ್ಮುರಿ ತಿರುವುಗಳನ್ನು ಬ್ರೇಕ್ ತುಳಿಯುತ್ತಲೇ ಇಳಿಯುವಾಗ ಚಕ್ರದ ಬಳಿ ಕಾವು ಏರುತ್ತಾ ಹೋಗುತ್ತದೆ. ದ್ರವ ಕುದಿದರೆ ಅದರೊಳಗೆ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆಗ ಪೆಡಲು ತಳದವರೆಗೆ ಇಳಿದರೂ ಚಕ್ರ ನಿಲ್ಲುವುದಿಲ್ಲ. ಘಟ್ಟವನ್ನು ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲಿ ಇಳಿಯಬೇಕೆಂದು ಅನುಭವಿ ಚಾಲಕರು ಹೇಳುವುದರ ಹಿಂದೆ ಈ ತಿಳಿವಳಿಕೆಯಿದೆ.

“ನಿಧಾನವಾಗಿ ಇಳಿಸಿದರಾಯಿತು ಅಪ್ಪಾ. ನಾಳೆ ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಬೀಗರು ಏನೆಂದುಕೊಂಡಾರು?” ಎಂದು ಮಗ ಕೇಳಿದನು.

“ಬೀಗರಲ್ಲಿ ಕ್ಷಮೆ ಕೇಳಬಹುದು ಕಣಪ್ಪಾ. ಕೆಳಗಿನಿಂದ ಘಟ್ಟ ಹತ್ತಿ ಬರುವವರಿಗೆ ಏನೆಂದು ಹೇಳುವುದು?” ಎಂದರು ಮೇಷ್ಟರು.

ಮದುವೆಯ ದಿನಗಳಾದುದರಿಂದ ಬಾಡಿಗೆಯ ಕಾರೂ ದೊರೆಯಲಿಲ್ಲ. ಹಣ್ಣು ಹೂವಿನ ತಟ್ಟೆಗಳನ್ನೂ ಚೀಲಗಳನ್ನೂ ಹೊತ್ತು ಎಲ್ಲರೂ ಬಸ್ಸು ಹತ್ತಿದರು. ತಲುಪುವಾಗ ಗೊತ್ತುಮಾಡಿದ ಮುಹೂರ್ತ ಮೀರಿತ್ತು. ಇಷ್ಟು ದೊಡ್ಡ ಕಾರಿಟ್ಟುಕೊಂಡು ಬಸ್ಸಿನಲ್ಲಿ ಬಂದರಲ್ಲ ಎಂಬ ಮಾತು ಬೀಗರ ಕಡೆಯಿಂದ ಕೇಳಿಬಂದಿತು. ಮಗನ ಮುಖ ಸಣ್ಣದಾಯಿತು. ಮೇಷ್ಟರು ಬೀಗರ ಬಳಿಗೆ ಹೋಗಿ ತಡವಾದುದಕ್ಕೆ ಕೈಮುಗಿದು, ಕಾರಣವನ್ನು ಇದ್ದುದು ಇದ್ದಂತೆಯೇ ತಿಳಿಸಿದರು.

ಆ ಕಾರು ಅಂದು ಘಟ್ಟವನ್ನಿಳಿದಿದ್ದರೆ ಏನಾಗುತ್ತಿತ್ತೆಂದು ಯಾರೂ ಹೇಳಲಾರರು. ಬಹುಶಃ ಏನೂ ಆಗುತ್ತಿರಲಿಲ್ಲ. ಸವೆದ ಬ್ರೇಕಿನ ಎಷ್ಟೋ ವಾಹನಗಳು ದಿನವೂ ಘಟ್ಟವಿಳಿಯುತ್ತವೆ. ಹೀಗೆ ಏನೂ ಆಗದೆ ಪಾರಾದ ಅನುಭವವೇ ಮುಂದಿನ ಬಾರಿಯ ಅಲಕ್ಷ್ಯಕ್ಕೆ ಧೈರ್ಯ ಕೊಡುತ್ತದೆ. ಅಪಾಯವೆಂಬುದು ಒಮ್ಮೆಗೇ ಬಂದಂತೆ ತೋರಿದರೂ ಅದು ತಿಂಗಳುಗಟ್ಟಲೆ ಚಕ್ರದೊಳಗೆ ಬೆಳೆದಿರುತ್ತದೆ. ಆದುದರಿಂದ ಒಂದು ನಡೆ ಸರಿಯೋ ತಪ್ಪೋ ಎಂಬುದನ್ನು ಅದರ ಫಲದಿಂದ ಮಾತ್ರ ಅಳೆಯಲಾಗದು. ತಿಳಿಯಬಹುದಾದುದನ್ನು ತಿಳಿಯಲು ಯತ್ನಿಸಿದನೇ, ತಿಳಿದ ಮೇಲೆ ತಕ್ಕಂತೆ ನಡೆದನೇ ಎಂಬುದೇ ಅಲ್ಲಿನ ಅಳತೆಗೋಲು.

ಇಲ್ಲಿಯೇ ಪ್ರಮಾದವೆಂಬ ಹಳೆಯ ಮಾತು ಹೊಸ ರಸ್ತೆಗೆ ಒದಗಿಬರುತ್ತದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ವಿವರಿಸುವಲ್ಲಿ ಪ್ರಾಣಹಾನಿಯೊಡನೆ ಪ್ರಮಾದವನ್ನೂ ಸೇರಿಸಿದೆ. ಕೊಲ್ಲುವ ಉದ್ದೇಶ ಇರಲಿಲ್ಲವೆಂಬ ಸಮಾಧಾನ ಅದರ ಮುಂದೆ ಪೂರ್ಣವಾಗಿ ನಿಲ್ಲದು. ಎಚ್ಚರ ಇತ್ತೇ ಎಂಬುದು ಮುಂದಿನ ಪ್ರಶ್ನೆ. ಆಶ್ಚರ್ಯವೆಂದರೆ ದೇಶದ ಕಾನೂನೂ ಇದೇ ಪ್ರಶ್ನೆಯನ್ನು ಕೇಳುತ್ತದೆ. 1988ರ ಮೋಟಾರು ವಾಹನಗಳ ಕಾಯ್ದೆಯ 190ನೆಯ ಕಲಮು, ಅಪಾಯಕರ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದನ್ನು ಅಪರಾಧವೆಂದು ಎಣಿಸುತ್ತದೆ. ಆ ದೋಷ ಒಡೆಯನಿಗೆ ತಿಳಿದಿರಬೇಕೆಂದೇನೂ ಇಲ್ಲ. ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿತ್ತು ಎಂದಾದರೂ ಸಾಕು. 1989ರ ಕೇಂದ್ರ ನಿಯಮಗಳು ಕಾರಿನ ಟೈರಿನ ಗೀರುಗಳು 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ವಿಧಿಸಿವೆ. ಮಳೆಗಾಲದಲ್ಲಿ ಆ ಗೀರುಗಳೇ ಟೈರಿನಡಿಯ ನೀರನ್ನು ಹೊರಹಾಕಿ ರಬ್ಬರು ನೆಲವನ್ನು ಮುಟ್ಟುವಂತೆ ಮಾಡುವುದು. ಗೀರುಗಳ ನಡುವೆ ಸಣ್ಣ ದಿಬ್ಬಗಳಿರುತ್ತವೆ. ಟೈರಿನ ಮೇಲ್ಮೈ ಸವೆದು ಆ ದಿಬ್ಬಗಳಿಗೆ ಸಮವಾದರೆ ಬದಲಾಯಿಸುವ ಕಾಲ ಬಂದಿತೆಂದು ಅರ್ಥ. ಇದನ್ನು ನೋಡಲು ಯಾವ ಪಾಂಡಿತ್ಯವೂ ಬೇಡ, ಬಗ್ಗುವ ಮನಸ್ಸು ಸಾಕು.

ವಾಹನಪಾಲನೆಯಲ್ಲಿ ಮನುಷ್ಯರಷ್ಟೇ ಅಲ್ಲ, ಮೂಕಪ್ರಾಣಿಗಳೂ ನೆಲಜಲಗಳೂ ಸೇರಿವೆ. ಚಳಿಯ ರಾತ್ರಿಗಳಲ್ಲಿ ಬೆಕ್ಕಿನ ಮರಿಗಳು ಬಿಸಿಯಾದ ಎಂಜಿನ್ನಿನ ಸಂದಿಯಲ್ಲೋ ಚಕ್ರದ ಮೇಲೋ ಮಲಗುವುದುಂಟು. ಬೆಳಗ್ಗೆ ಚಾಲೂ ಮಾಡುವ ಮುನ್ನ ಬಾನೆಟ್ಟಿನ ಮೇಲೆ ಎರಡು ಬಾರಿ ತಟ್ಟುವುದರಿಂದ ಒಂದು ಜೀವ ಉಳಿಯುತ್ತದೆ. ಅನೇಕ ಕೂಲೆಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಎಂಬ ದ್ರವ್ಯ ಸಿಹಿಯಾಗಿದ್ದು ವಿಷಕಾರಿಯಾದುದು. ನೆಲದ ಮೇಲೆ ಸುರಿದುದನ್ನು ನಾಯಿ ಬೆಕ್ಕುಗಳು ನೆಕ್ಕಿದರೆ ಸಾವು ಸಂಭವಿಸಬಹುದು. ಸೋರುವ ಕೊಳವೆಯನ್ನು ಕೂಡಲೇ ಸರಿಪಡಿಸಿ, ಚೆಲ್ಲಿದುದನ್ನು ಒರೆಸಿ ತೆಗೆಯುವುದು ಆಗಲೇಬೇಕಾದ ಕೆಲಸ. ಬಳಸಿದ ಎಂಜಿನ್ ಎಣ್ಣೆಯನ್ನು ಮೋರಿಗೆ ಸುರಿಯುವ ಅಭ್ಯಾಸ ಇನ್ನೂ ಕೆಲವೆಡೆ ಉಂಟು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅದು ಅಧಿಕೃತ ಮರುಸಂಸ್ಕರಣೆಗೆ ಸೇರತಕ್ಕದ್ದು. 2022ರ ನಿಯಮಗಳು ಹಳೆಯ ಬ್ಯಾಟರಿಗಳಿಗೂ ಇಂತಹ ವ್ಯವಸ್ಥೆಯನ್ನೇ ವಿಧಿಸಿವೆ. ನಿಮ್ಮಲ್ಲಿ ತೆಗೆದ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ಗ್ಯಾರೇಜಿನಲ್ಲಿ ಒಮ್ಮೆ ಕೇಳುವ ಗಿರಾಕಿ ತನ್ನ ಕರ್ತವ್ಯದ ಅರ್ಧವನ್ನು ಮಾಡಿದಂತೆಯೇ.

ನೀರಿನ ವಿಷಯವೂ ಹಾಗೆಯೇ. 2024ರ ಮಾರ್ಚ್ ತಿಂಗಳಿನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಸಾರಿತು. ಒಂದು ಬಕೆಟ್ ನೀರು ಮತ್ತು ಒಂದು ಒದ್ದೆ ಬಟ್ಟೆಯಿಂದ ಕಾರು ಸಾಕಷ್ಟು ಶುಚಿಯಾಗುತ್ತದೆ. ಪೈಪು ಹಿಡಿದು ನಿಲ್ಲಲು ದಂಡದ ಭಯವೊಂದೇ ಅಡ್ಡಿಯಾಗಬೇಕಿಲ್ಲ.

ಒಂದು ಆಕ್ಷೇಪವನ್ನು ಇಲ್ಲಿ ಪರಿಶೀಲಿಸಬೇಕು. ಒಂದು ವಸ್ತುವಿನ ಮೇಲೆ ಇಷ್ಟು ಗಮನವಿಡುವುದು ಮೋಹವಲ್ಲವೇ, ಅಪರಿಗ್ರಹವನ್ನು ಮೆಚ್ಚುವವರು ಕಾರಿನ ಸೇವೆಯಲ್ಲಿ ದಿನ ಕಳೆಯಬಹುದೇ ಎಂದು ಕೇಳುವವರಿದ್ದಾರೆ. ಮೋಹಕ್ಕೂ ಪಾಲನೆಗೂ ಇರುವ ಅಂತರ ಸೂಕ್ಷ್ಮವಾದರೂ ಗುರುತಿಸಲು ಕಷ್ಟವಲ್ಲ. ಮೋಹವು ಪರರ ಕಣ್ಣಿಗೆ ಕಾಣುವ ಭಾಗವನ್ನು ಉಜ್ಜುತ್ತದೆ. ಪಾಲನೆಯು ಯಾರೂ ನೋಡದ ಭಾಗವನ್ನು ವಿಚಾರಿಸುತ್ತದೆ. ಮೇಷ್ಟರ ಹಳೆಯ ಕಾರಿನ ಹಿಂಬದಿಯಲ್ಲಿ ಒಂದು ನೆಗ್ಗು ವರ್ಷಗಟ್ಟಲೆ ಹಾಗೆಯೇ ಇತ್ತು, ಅವರು ಅದರ ಗೊಡವೆಗೆ ಹೋಗಲಿಲ್ಲ. ಆದರೆ ಬ್ರೇಕ್ ಪ್ಯಾಡುಗಳನ್ನು ಒಂದು ದಿನವೂ ತಡಮಾಡದೆ ಬದಲಾಯಿಸಿದರು. ಸರಿಯಾಗಿ ಪಾಲಿಸಿದ ಕಾರು ಹೆಚ್ಚು ಕಾಲ ಬಾಳುವುದರಿಂದ ಮತ್ತೊಂದನ್ನು ಕೊಳ್ಳುವ ಅಗತ್ಯವೂ ದೂರವಾಗುತ್ತದೆ. ಇದ್ದುದರಲ್ಲೇ ಸಾಕೆನ್ನುವ ಮನಸ್ಸಿಗೆ ಇದು ನೆರವೇ ಹೊರತು ವಿರೋಧವಲ್ಲ. ಹಾಗೆಂದು ಕೆಡದ ಭಾಗಗಳನ್ನು ಭಯದಿಂದಲೋ ಅಂಗಡಿಯವನ ಒತ್ತಾಯದಿಂದಲೋ ಬದಲಾಯಿಸುತ್ತಾ ಹೋಗುವುದೂ ಸಲ್ಲದು. ಅದು ಇನ್ನೊಂದು ಬಗೆಯ ದುಂದು. ಕೈಪಿಡಿ ಹೇಳಿದ ಅವಧಿ, ಕಣ್ಣಿಗೆ ಕಂಡ ಸವೆತ, ನಂಬಿಕೆಯ ಮೆಕ್ಯಾನಿಕನ ಮಾತು ಈ ಮೂರನ್ನೂ ತೂಗಿ ನೋಡಬೇಕು. ಅಂತಹ ಮೆಕ್ಯಾನಿಕ್ ದೊರೆತ ಮೇಲೆ ಅವನ ಕೂಲಿಯಲ್ಲಿ ಚೌಕಾಸಿ ಮಾಡಬಾರದು. ಬೇಡದ ಕೆಲಸವನ್ನು ಬೇಡವೆಂದು ಹೇಳುವ ಕೆಲಸಗಾರ ತನ್ನ ಲಾಭವನ್ನು ಬಿಟ್ಟು ಗಿರಾಕಿಯ ಹಿತವನ್ನು ಕಾಯ್ದವನು.

ಪಾಲನೆಯ ಕಡೆಯ ಪರೀಕ್ಷೆ ಮಾರಾಟದ ದಿನ ಬರುತ್ತದೆ. ಓಡಿದ ಕಿಲೋಮೀಟರುಗಳನ್ನು ತಗ್ಗಿಸಿ ತೋರಿಸುವುದು, ಸದ್ದು ಮಾಡುವ ಗೇರ್ ಪೆಟ್ಟಿಗೆಯನ್ನು ತಾತ್ಕಾಲಿಕವಾಗಿ ಮೌನಗೊಳಿಸುವುದು ಹಳೆಯ ಕಾರುಗಳ ವ್ಯಾಪಾರದಲ್ಲಿ ಅಪರೂಪವಲ್ಲ. ಮೇಷ್ಟರು ತಮ್ಮ ಮಾರುತಿಯನ್ನು ಮಾರುವಾಗ ವರ್ಷಗಳ ನೋಟ್‌ಬುಕ್ಕನ್ನೇ ಕೊಳ್ಳುವವನ ಮುಂದಿಟ್ಟರು. ಸ್ಟಿಯರಿಂಗಿನ ಒಂದು ಕೀಲು ಸಡಿಲವಾಗಿರುವುದನ್ನೂ, ಮುಂದಿನ ಮಳೆಗಾಲಕ್ಕೆ ಮುನ್ನ ಅದನ್ನು ಬದಲಾಯಿಸಲೇಬೇಕೆಂಬುದನ್ನೂ ತಾವಾಗಿಯೇ ಹೇಳಿದರು. ಕೊಳ್ಳುವವನು ಆ ಮಾತನ್ನೇ ಹಿಡಿದು ಬೆಲೆಯನ್ನು ಇಳಿಸಿದನು. ಕಡಿಮೆಯಾದ ಹಣ ನಿವೃತ್ತಿ ವೇತನದ ಮನೆಗೆ ಸಣ್ಣದೇನಲ್ಲ. ಮೇಷ್ಟರು ಒಪ್ಪಿದರು. ಆ ಕೀಲನ್ನು ಮರೆಮಾಚಿ ಮಾರಿದ್ದರೆ, ಅಷ್ಟು ವರ್ಷಗಳ ಭಾನುವಾರದ ಎಚ್ಚರವೆಲ್ಲವೂ ತಮ್ಮ ಮನೆಯವರ ಕ್ಷೇಮಕ್ಕೆ ಮಾತ್ರ ಮೀಸಲಾಗಿತ್ತೆಂದು ಅರ್ಥವಾಗುತ್ತಿತ್ತು.

ಇಂದು ವಿದ್ಯುತ್ ಕಾರುಗಳು ಬಂದಿವೆ. ಅವುಗಳಿಗೆ ಎಂಜಿನ್ ಎಣ್ಣೆಯ ಅಗತ್ಯವಿಲ್ಲ. ಇನ್ನು ಈ ಚಿಂತೆಯೇ ಇಲ್ಲವೆಂದು ಸಂತೋಷಪಡುವವರೂ ಇದ್ದಾರೆ. ಆದರೆ ಅವುಗಳಿಗೂ ಟೈರುಗಳಿವೆ, ಬ್ರೇಕ್ ಆಯಿಲಿದೆ, ದೀಪಗಳಿವೆ, ವೈಪರುಗಳಿವೆ. ಅನೇಕ ವಿದ್ಯುತ್ ಕಾರುಗಳ ಬ್ಯಾಟರಿಯನ್ನು ತಂಪಾಗಿಡಲು ಕೂಲೆಂಟೂ ಇದೆ. ಯಂತ್ರ ಬದಲಾದಂತೆ ನೋಡಬೇಕಾದ ಅಂಗಗಳು ಬದಲಾಗುತ್ತವೆ, ನೋಡುವ ಹೊಣೆ ಬದಲಾಗುವುದಿಲ್ಲ.

ಈ ಹೊಣೆಯನ್ನು ಹೊರಲು ದೊಡ್ಡ ವ್ರತವೇನೂ ಬೇಕಾಗಿಲ್ಲ. ವಾರಕ್ಕೆ ಹತ್ತು ನಿಮಿಷ ಎಣ್ಣೆ, ನೀರು, ದೀಪಗಳಿಗೆ. ತಿಂಗಳಿಗೆರಡು ಬಾರಿ ಟೈರಿನ ಗಾಳಿಗೆ. ಮಳೆಗಾಲಕ್ಕೆ ಮುನ್ನ ವೈಪರು ಮತ್ತು ಟೈರಿನ ಗೀರುಗಳಿಗೆ. ವರ್ಷಕ್ಕೊಮ್ಮೆ ಚಕ್ರ ಬಿಚ್ಚಿಸಿ ಬ್ರೇಕುಗಳ ಪರೀಕ್ಷೆಗೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಕೈಪಿಡಿ ಹೇಳಿದಂತೆ, ಬ್ರೇಕ್ ಆಯಿಲಿಗೆ. ಮಾಡಿದುದನ್ನು ಬರೆದಿಡಲು ಒಂದು ನೋಟ್‌ಬುಕ್ಕು. ಇದರ ಪ್ರಯೋಜನ ಪಡೆಯುವವರಲ್ಲಿ ಹೆಚ್ಚಿನವರು ಒಡೆಯನಿಗೆ ಅಪರಿಚಿತರು. ತಿರುವಿನಲ್ಲಿ ಸೈಕಲ್ ತುಳಿದು ಬರುವ ಶಾಲೆಯ ಹುಡುಗಿ, ಸೌದೆಯ ಹೊರೆ ಹೊತ್ತು ರಸ್ತೆ ದಾಟುವ ಅಜ್ಜಿ, ದಾರಿಯಲ್ಲೇ ಮಲಗಿದ ಹಸು. ತಮ್ಮ ಮುಂದೆ ನಿಂತ ಕಾರು ಸಕಾಲದಲ್ಲಿ ಏಕೆ ನಿಂತಿತೆಂದು ಅವರಿಗೆಂದೂ ತಿಳಿಯುವುದಿಲ್ಲ. ತಿಳಿಯಬೇಕಾದ ಅಗತ್ಯವೂ ಇಲ್ಲ.